ಸ್ಥಳೀಯ ಜಾಲದಲ್ಲಿ ನೋಟ್‌ಬುಕ್ ಸರ್ವರ್: ಕ್ಷೇತ್ರಕಾರ್ಯ ಮತ್ತು ಪಾಠಶೋಧನೆಯ ನೆಲೆಯಿಂದ

ಕನ್ನಡ ಅಧ್ಯಯನದಲ್ಲಿ ಗಣಕದ ಬಳಕೆ ಎಂದರೆ ಬಹುಕಾಲ ಬೆರಳಚ್ಚು ಮತ್ತು ಪುಟವಿನ್ಯಾಸ ಎಂದೇ ಅರ್ಥವಾಗಿತ್ತು. ಪದಗಳ ಎಣಿಕೆ, ಪಾಠಾಂತರಗಳ ಹೋಲಿಕೆ, ಉಪಭಾಷಾ ರೂಪಗಳ ಪಟ್ಟೀಕರಣ ಮುಂತಾದ ಕೆಲಸಗಳಿಗೆ ಸಂಶೋಧಕರು ಅದನ್ನು ಬಳಸತೊಡಗಿದ ಮೇಲೆ ಹೊಸದೊಂದು ತೊಡಕು ಎದುರಾಗಿದೆ. ಎಣಿಕೆಯ ಫಲಿತವೇನೋ ಮಹಾಪ್ರಬಂಧದಲ್ಲಿ ಅಚ್ಚಾಗುತ್ತದೆ. ಆದರೆ ಎಣಿಸಿದ ಕ್ರಮ ಸಂಶೋಧಕರ ಸ್ವಂತ ಗಣಕದಲ್ಲಿಯೇ ಉಳಿದುಬಿಡುತ್ತದೆ. ಪಾಠಾಂತರಗಳನ್ನು ಅಡಿಟಿಪ್ಪಣಿಯಲ್ಲಿ ಕೊಡದೆ ಪರಿಷ್ಕೃತ ಪಾಠವನ್ನಷ್ಟೇ ಮುದ್ರಿಸಿದ ಸಂಪಾದನೆಯನ್ನು ಒಪ್ಪದ ನಮ್ಮ ಗ್ರಂಥಸಂಪಾದನಾ ಶಿಸ್ತು, ಇದನ್ನು ಮಾತ್ರ ಪ್ರಶ್ನಿಸದೆ ಒಪ್ಪಿಕೊಂಡಿರುವುದು ಸೋಜಿಗವೇ ಸರಿ.

ಈ ತೊಡಕಿಗೆ ಒಂದು ಪರಿಹಾರವಾಗಿ, ಎಣಿಕೆಯ ಪಠ್ಯ, ಕ್ರಮ ಮತ್ತು ಫಲಿತ ಮೂರನ್ನೂ ಒಂದೆಡೆ ಇರಿಸುವ ನೋಟ್‌ಬುಕ್ ಎಂಬ ತಂತ್ರಾಂಶವನ್ನು ಒಂದು ಕೊಠಡಿಯ ಅಥವಾ ಒಂದು ಕಟ್ಟಡದ ಜಾಲದಲ್ಲಿ ಹಲವರು ಹಂಚಿಕೊಳ್ಳುವ ಬಗೆಯನ್ನು ಪ್ರಸ್ತುತ ಲೇಖನದಲ್ಲಿ ವಿವರಿಸಲಾಗಿದೆ. ಉದಾಹರಣೆಗೆ ಆಳಂದ ತಾಲ್ಲೂಕಿನ ಹಿರೋಳ್ಳಿಯನ್ನು ಆಯ್ದುಕೊಳ್ಳಲಾಗಿದೆ. ಇದಕ್ಕೆ ಕಾರಣಗಳು ಎರಡು. ಹಿರೋಳ್ಳಿ ಮಹಾರಾಷ್ಟ್ರದ ಗಡಿಗೆ ಹೊಂದಿದ ಊರು. ಆಚೆಗಿರುವ ಅಕ್ಕಲಕೋಟೆ ತಾಲ್ಲೂಕಿನಲ್ಲೂ ಕನ್ನಡ ಮಾತನಾಡುವವರು ಬಹುಸಂಖ್ಯೆಯಲ್ಲಿದ್ದಾರೆ. ಹಾಗಾಗಿ ಭಾಷಾ ಕ್ಷೇತ್ರಕಾರ್ಯಕ್ಕೆ ಇದು ಸಹಜವಾದ ಸ್ಥಳ. ಎರಡನೆಯದು, ಆ ಊರಿನ ಹೆಸರೇ ಪ್ರಸ್ತುತ ಸಮಸ್ಯೆಗೆ ಒಳ್ಳೆಯ ನಿದರ್ಶನ.

ಒಂದು ಹೆಸರು, ನಾಲ್ಕು ಎಣಿಕೆ

'ಹಿರೋಳ್ಳಿ' ಎಂಬ ಪದದಲ್ಲಿ ಎಷ್ಟು ಅಕ್ಷರಗಳಿವೆ ಎಂದು ಕೇಳಿದರೆ ಮೂರು ಎಂದು ಶಾಲಾ ಬಾಲಕನೂ ಹೇಳುತ್ತಾನೆ. ಪೈಥಾನ್ ಭಾಷೆಯಲ್ಲಿ ಅದೇ ಪದದ ಉದ್ದವನ್ನು ಕೇಳಿದರೆ ಬರುವ ಉತ್ತರ 8. ಯುನಿಕೋಡ್ ಕ್ರಮದಲ್ಲಿ ವ್ಯಂಜನ, ಸ್ವರಚಿಹ್ನೆ ಮತ್ತು ವಿರಾಮಚಿಹ್ನೆಗಳಿಗೆ ಪ್ರತ್ಯೇಕ ಸಂಕೇತಗಳಿರುವುದೇ ಇದಕ್ಕೆ ಕಾರಣ. ಇಷ್ಟಕ್ಕೇ ಮುಗಿಯುವುದಿಲ್ಲ. 'ರೋ' ಎಂಬಲ್ಲಿನ ಓಕಾರದ ಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಮೂರು ಬಿಡಿ ಸಂಕೇತಗಳ ಜೋಡಣೆಯಾಗಿಯೂ ಬರೆಯಬಹುದು; ಯುನಿಕೋಡ್ ಇವೆರಡನ್ನೂ ಸಮಾನವೆಂದು ಮಾನ್ಯ ಮಾಡುತ್ತದೆ. ಪರದೆಯ ಮೇಲೆ ಎರಡಕ್ಕೂ ವ್ಯತ್ಯಾಸ ಕಾಣುವುದಿಲ್ಲ. ಆದರೆ ಎರಡನೆಯ ಬಗೆಯಲ್ಲಿ ಪದದ ಉದ್ದ 10 ಆಗುತ್ತದೆ, ಮತ್ತು ಮೊದಲ ಬಗೆಯಲ್ಲಿ ಬರೆದು ಹುಡುಕಿದರೆ ಎರಡನೆಯ ಬಗೆಯಲ್ಲಿರುವ ಪದ ಸಿಗುವುದಿಲ್ಲ. ಎರಡನ್ನೂ ಒಂದೇ ರೂಪಕ್ಕೆ ತರುವ ಕ್ರಿಯೆಗೆ ಸಾಮಾನ್ಯೀಕರಣ ಎನ್ನುತ್ತಾರೆ. ಅದನ್ನು ಒಬ್ಬ ಸಂಶೋಧಕ ಮಾಡಿ ಮತ್ತೊಬ್ಬ ಮಾಡದಿದ್ದರೆ ಒಂದೇ ಪಠ್ಯದಿಂದ ಎರಡು ಬೇರೆ ಪದಾವೃತ್ತಿಗಳು ದೊರೆಯುತ್ತವೆ.

ನಾಲ್ಕನೆಯ ಎಣಿಕೆ ಇನ್ನೂ ವಿಚಿತ್ರವಾದುದು. ಪಠ್ಯವನ್ನು ಪದಗಳಾಗಿ ಒಡೆಯಲು ಪೈಥಾನಿನಲ್ಲಿ ಸಾಮಾನ್ಯವಾಗಿ ಬಳಸುವ ವಿನ್ಯಾಸಶೋಧಕವು ವರ್ಣ ಮತ್ತು ಅಂಕಿಗಳನ್ನು ಮಾತ್ರ ಪದದ ಅಂಗವೆಂದು ಎಣಿಸುತ್ತದೆ. ಸ್ವರಚಿಹ್ನೆಗಳನ್ನೂ ವಿರಾಮಚಿಹ್ನೆಯನ್ನೂ ಪದದ ಹೊರಗಿನವೆಂದು ತಿಳಿಯುತ್ತದೆ. ಪರಿಣಾಮವಾಗಿ 'ಹಿರೋಳ್ಳಿ' ಎಂಬ ಒಂದು ಪದ ಹ, ರ, ಳ, ಳ ಎಂಬ ನಾಲ್ಕು ಪದಗಳಾಗಿ ಒಡೆಯುತ್ತದೆ; 'ಕನ್ನಡ' ಎಂಬುದು 'ಕನ' ಮತ್ತು 'ನಡ' ಎಂಬ ಎರಡಾಗುತ್ತದೆ. ಇಂಗ್ಲಿಷ್ ಪಠ್ಯಕ್ಕಾಗಿ ಬರೆದ ಪಾಠಪುಸ್ತಕದ ಸೂತ್ರವನ್ನು ಹಾಗೆಯೇ ಎತ್ತಿಕೊಂಡವರಿಗೆ ತಪ್ಪು ಸಂಭವಿಸಿದೆಯೆಂಬ ಸೂಚನೆಯೂ ಬರುವುದಿಲ್ಲ. ಅಂಕಿಅಂಶ ಬರುತ್ತದೆ, ಕೋಷ್ಟಕವೂ ಸಿದ್ಧವಾಗುತ್ತದೆ. ಇದೇ ಪೈಥಾನ್ 3, ಚರಪದಗಳಿಗೆ 'ಪಾಠ', 'ಪದಕೋಶ' ಎಂದು ಕನ್ನಡದಲ್ಲಿಯೇ ಹೆಸರಿಡಲು ಅವಕಾಶ ಕೊಡುತ್ತದೆಂಬುದನ್ನು ಇಲ್ಲಿ ನೆನೆಯಬಹುದು. ಹೆಸರಿಡುವಾಗ ಕನ್ನಡವನ್ನು ಅರಿಯುವ ಭಾಷೆ ಪದ ಒಡೆಯುವಾಗ ಮರೆಯುತ್ತದೆ.

ಇದಕ್ಕೆ ಕ್ಷೇತ್ರದ ಬರಹದಲ್ಲಿನ ವ್ಯತ್ಯಾಸಗಳೂ ಸೇರುತ್ತವೆ. ಹಿರೋಳ್ಳಿ, ಹಿರೋಳಿ, ಹಿರೊಳ್ಳಿ ಎಂದು ಊರಿನ ಹೆಸರನ್ನು ಬರೆಯಬಹುದಾದಂತೆಯೇ, ಕಲಬುರಗಿ ಸೀಮೆಯ ಆಡುಮಾತಿನಲ್ಲಿ ಹಾಸುಹೊಕ್ಕಾಗಿರುವ 'ಬರೋಬ್ಬರಿ' ಎಂಬ ಪದವನ್ನು ಒಬ್ಬರು ಬರೋಬರಿ ಎಂದೂ ಇನ್ನೊಬ್ಬರು ಬರೊಬ್ಬರಿ ಎಂದೂ ಲಿಪ್ಯಂತರಿಸಬಹುದು. ಇವುಗಳಲ್ಲಿ ಯಾವುದು ಉಚ್ಚಾರಣಾ ಭೇದ, ಯಾವುದು ಬರೆದುಕೊಂಡವರ ರೂಢಿ, ಯಾವುದು ಕೇವಲ ಸಂಕೇತದ ಭೇದ ಎಂಬುದನ್ನು ಬೇರ್ಪಡಿಸದೆ ಗಡಿಭಾಷೆಯ ಬಗೆಗೆ ಆಡುವ ಮಾತಿಗೆ ಆಧಾರವಿರುವುದಿಲ್ಲ. ಐವರು ಸಂಗ್ರಾಹಕರು ಐದು ಗಣಕಗಳಲ್ಲಿ ಬೇರೆ ಬೇರೆಯಾಗಿ ಎಣಿಸಿದರೆ ಈ ಬೇರ್ಪಡಿಕೆ ಸಾಧ್ಯವಾಗುವುದು ಕಷ್ಟ. ಪಠ್ಯವೂ ಸೂತ್ರವೂ ಎಲ್ಲರ ಕಣ್ಣಿಗೆ ಒಂದೇ ಆಗಿ ಬೀಳಬೇಕು. ಸರ್ವರ್ ಹಂಚಿಕೆಯ ಪ್ರಶ್ನೆ ಹುಟ್ಟುವುದು ಇಲ್ಲಿ.

ನೋಟ್‌ಬುಕ್ ಎಂದರೇನು

ಫರ್ನಾಂಡೊ ಪೆರೆಜ್ 2001ರಲ್ಲಿ ಆರಂಭಿಸಿದ ಐಪೈಥಾನ್ ಯೋಜನೆಯಿಂದ 2011ರಲ್ಲಿ ನೋಟ್‌ಬುಕ್ ರೂಪುಗೊಂಡಿತು. 2014ರಲ್ಲಿ ಅದು ಜುಪಿಟರ್ ಎಂಬ ಹೆಸರಿನ ಸ್ವತಂತ್ರ ಯೋಜನೆಯಾಯಿತು. ಜೂಲಿಯಾ, ಪೈಥಾನ್, ಆರ್ ಎಂಬ ಮೂರು ಗಣಕಭಾಷೆಗಳ ಹೆಸರು ಇದರಲ್ಲಿ ಅಡಗಿದೆ. ಗುರುಗ್ರಹದ ಉಪಗ್ರಹಗಳನ್ನು ದಿನದಿನವೂ ಟಿಪ್ಪಣಿ ಮಾಡಿಕೊಂಡ ಗೆಲಿಲಿಯೋನ ಪುಸ್ತಕದ ನೆನಪೂ ಇದೆ. ಇದು ಮುಕ್ತ ತಂತ್ರಾಂಶವಾದುದರಿಂದ ವಿಭಾಗಗಳು ಹಣ ತೆರಬೇಕಾಗಿಲ್ಲ.

ನೋಟ್‌ಬುಕ್ಕಿನ ಪುಟ ಕೋಶಗಳಾಗಿ ವಿಭಜನೆಗೊಂಡಿರುತ್ತದೆ. ಒಂದು ಕೋಶದಲ್ಲಿ ವಿವರಣೆ, ಮುಂದಿನದರಲ್ಲಿ ಸೂತ್ರ, ಅದರ ಕೆಳಗೇ ಫಲಿತ. ಪುಟವನ್ನು ತೋರಿಸುವುದು ಬ್ರೌಸರ್. ಸೂತ್ರವನ್ನು ನಡೆಸುವುದು ಹಿಂದೆ ಕುಳಿತ ಕರ್ನಲ್ ಎಂಬ ಕಾರ್ಯಕ್ರಮ. ಇವೆರಡರ ನಡುವೆ ಓಡಾಡುವುದು ಸರ್ವರ್. ಒಂಟಿಯಾಗಿ ಕೆಲಸ ಮಾಡುವವರ ಗಣಕದಲ್ಲಿ ಮೂರೂ ಒಂದೆಡೆಯೇ ಇರುವುದರಿಂದ ಸರ್ವರ್ ಇದೆಯೆಂಬುದೇ ಗಮನಕ್ಕೆ ಬರುವುದಿಲ್ಲ. ಆದರೆ ಬ್ರೌಸರ್ ಬೇರೆ ಗಣಕದಲ್ಲಿದ್ದರೂ ವ್ಯವಸ್ಥೆ ಹಾಗೆಯೇ ನಡೆಯುತ್ತದೆ. ಸಾಮಾನ್ಯ ಲ್ಯಾಪ್‌ಟಾಪ್, ಹಳೆಯ ಗಣಕ, ಬೇಕಾದರೆ ಮೊಬೈಲ್ ಕೂಡ ಕಿಟಕಿಯಾಗಬಹುದು; ಶ್ರಮದ ಕೆಲಸ ಒಂದೇ ಯಂತ್ರದ ಪಾಲಿಗೆ ಬರುತ್ತದೆ.

ಸ್ಥಳೀಯ ಜಾಲ

ಸ್ಥಳೀಯ ಜಾಲಕ್ಕೆ ಅಂತರ್ಜಾಲ ಬೇಕಿಲ್ಲ ಎಂಬ ಸಂಗತಿಯನ್ನು ಮೊದಲು ಸ್ಪಷ್ಟಪಡಿಸಿಕೊಳ್ಳಬೇಕು. ಒಂದು ಸಾಧಾರಣ ವೈಫೈ ರೂಟರನ್ನು ವಿದ್ಯುತ್ತಿಗೆ ಜೋಡಿಸಿ, ಅದಕ್ಕೆ ಹೊರಗಿನ ಯಾವ ಸಂಪರ್ಕವನ್ನೂ ಕೊಡದೆ ಇಟ್ಟರೂ ಅದರ ವ್ಯಾಪ್ತಿಯ ಗಣಕಗಳು ಪರಸ್ಪರ ಮಾತನಾಡಬಲ್ಲವು. ಪ್ರತಿ ಗಣಕಕ್ಕೂ ರೂಟರು ಒಂದು ವಿಳಾಸವನ್ನು ಹಂಚುತ್ತದೆ. ಅವು ಸಾಮಾನ್ಯವಾಗಿ 192.168 ಎಂದು ಆರಂಭವಾಗುವಂಥವು. ಹೊರಜಗತ್ತಿನಲ್ಲಿ ಚಲಾವಣೆಯಿಲ್ಲದ, ಮನೆಯೊಳಗಿನ ಬಳಕೆಗೆಂದು ಮೀಸಲಾಗಿರುವ ವಿಳಾಸಗಳಲ್ಲಿ ಇವೂ ಸೇರಿವೆ. ಸಂಪರ್ಕ ಬಂದು ಹೋಗುವ ಊರುಗಳಲ್ಲಿ ಕ್ಷೇತ್ರಕಾರ್ಯ ಮಾಡುವವರಿಗೆ ಇದರ ಬೆಲೆ ಏನೆಂದು ವಿವರಿಸಬೇಕಾಗಿಲ್ಲ. ಹಿರೋಳ್ಳಿಯ ಶಾಲೆಯ ಒಂದು ಕೊಠಡಿಯಲ್ಲಿ ಸಂಜೆ ಕುಳಿತು, ಹಗಲು ಸಂಗ್ರಹಿಸಿದ ಪದಗಳನ್ನು ಐವರೂ ಒಂದೇ ಪಟ್ಟಿಗೆ ಸೇರಿಸಿ ನೋಡುವುದು ಇದರಿಂದ ಸಾಧ್ಯ.

ಆದರೆ ಜುಪಿಟರ್ ಸರ್ವರ್ ಪ್ರಾರಂಭವಾದಾಗ ತನ್ನ ಗಣಕದ ಒಳಗಿನ ಕೋರಿಕೆಗಳಿಗೆ ಮಾತ್ರ ಓಗೊಡುತ್ತದೆ. ಅದರ ಬಾಗಿಲು, ಎಂದರೆ ಪೋರ್ಟ್, 8888. ಈ ಬಾಗಿಲು ಮನೆಯ ಒಳಮುಖವಾಗಿಯೇ ತೆರೆದಿರುತ್ತದೆ. ಇತರರೂ ಬರುವಂತಾಗಲು, ಆರಂಭಿಸುವ ಆಜ್ಞೆಯಲ್ಲಿ 'ಐಪಿ' ಎಂಬ ಆಯ್ಕೆಗೆ ಆ ಗಣಕದ ಜಾಲವಿಳಾಸವನ್ನು, ಅಥವಾ ಎಲ್ಲ ದಿಕ್ಕುಗಳನ್ನೂ ಸೂಚಿಸುವ 0.0.0.0 ಎಂಬುದನ್ನು ಕೊಡಬೇಕು. ಬಳಿಕ ಉಳಿದವರು ತಮ್ಮ ಬ್ರೌಸರಿನಲ್ಲಿ ಆ ಗಣಕದ ವಿಳಾಸವನ್ನೂ, ಎರಡು ಚುಕ್ಕಿಯ ವಿರಾಮಚಿಹ್ನೆಯ ನಂತರ 8888 ಎಂಬುದನ್ನೂ ಬರೆದರೆ ಪುಟ ತೆರೆಯುತ್ತದೆ.

ತೆರೆಯದಿದ್ದರೆ ಕಾರಣ ಬಹುಮಟ್ಟಿಗೆ ಜುಪಿಟರ್ ಆಗಿರುವುದಿಲ್ಲ. ವಿಂಡೋಸ್ ಗಣಕವು ಹೊಸ ಜಾಲವನ್ನು 'ಸಾರ್ವಜನಿಕ' ಎಂದು ಗುರುತಿಸಿಕೊಂಡು ಒಳಬರುವ ಕೋರಿಕೆಗಳನ್ನು ತಡೆಗೋಡೆಯಲ್ಲಿಯೇ ನಿಲ್ಲಿಸಿರಬಹುದು. ವಿಶ್ವವಿದ್ಯಾಲಯಗಳ ಮತ್ತು ಅತಿಥಿಗೃಹಗಳ ವೈಫೈಗಳಲ್ಲಿ ಒಂದು ಗಣಕ ಇನ್ನೊಂದನ್ನು ಕಾಣದಂತೆ ಪ್ರತ್ಯೇಕಿಸಿರುವುದೂ ಉಂಟು. ಅಂತಹ ಕಡೆ ಎಲ್ಲವೂ ಸರಿಯಿದ್ದರೂ ಪುಟ ಬರುವುದಿಲ್ಲ, ಸ್ವಂತ ರೂಟರನ್ನು ಒಯ್ಯುವುದೊಂದೇ ದಾರಿ. ನಿನ್ನೆ ತೆರೆದ ವಿಳಾಸ ಇಂದು ತೆರೆಯದಿದ್ದರೆ ರೂಟರು ಬೇರೊಂದು ವಿಳಾಸ ಹಂಚಿದೆ ಎಂದು ತಿಳಿಯಬೇಕು. ರೂಟರಿನಲ್ಲಿಯೇ ಸರ್ವರಿಗೆ ಒಂದು ವಿಳಾಸವನ್ನು ಕಾಯ್ದಿರಿಸಿದರೆ ಈ ಕಾಟ ತಪ್ಪುತ್ತದೆ. ಮರೆತು ಎರಡನೆಯ ಬಾರಿ ಸರ್ವರನ್ನು ಆರಂಭಿಸಿದರೆ ಅದು ಸದ್ದಿಲ್ಲದೆ 8889ನೇ ಬಾಗಿಲಿಗೆ ಹೋಗಿ ಕೂರುವುದುಂಟು.

ಓದುವ ಕೋಣೆಯಲ್ಲ, ಮನೆಯ ಬೀಗದಕೈ

ಇಲ್ಲಿಯವರೆಗಿನದು ಸುಲಭ. ಇದು ಸುಲಭವೆಂಬುದರಲ್ಲಿಯೇ ಅಪಾಯವಿದೆ. ಇಂತಹ ಹಂಚಿಕೆಯನ್ನು ಗ್ರಂಥಾಲಯದ ಓದುವ ಕೋಣೆಯಂತೆ ಭಾವಿಸುವುದು ಸಹಜ: ಪುಸ್ತಕವನ್ನು ಮೇಜಿನ ಮೇಲಿಟ್ಟಿದ್ದೇವೆ, ಬಂದವರು ಓದಿಕೊಂಡು ಹೋಗುತ್ತಾರೆ ಎಂದು. ನೋಟ್‌ಬುಕ್ ಸರ್ವರಿನ ಸ್ವರೂಪ ಇದಕ್ಕಿಂತ ಭಿನ್ನ. ಅದರೊಳಗೆ ಬಂದವರು ಸೂತ್ರ ಬರೆದು ನಡೆಸಬಲ್ಲರು. ಆ ಸೂತ್ರ ನಡೆಯುವುದು ಬಂದವರ ಗಣಕದಲ್ಲಲ್ಲ, ಸರ್ವರ್ ಇರುವ ಗಣಕದಲ್ಲಿ. ಅದೂ ಸರ್ವರನ್ನು ಆರಂಭಿಸಿದವರ ಹೆಸರಿನಲ್ಲಿ, ಅವರ ಪೂರ್ಣ ಅಧಿಕಾರದೊಡನೆ. ಅವರು ಓದಬಲ್ಲ ಕಡತವನ್ನೆಲ್ಲ ಬಂದವರೂ ಓದಬಲ್ಲರು, ಅವರು ಅಳಿಸಬಲ್ಲುದನ್ನೆಲ್ಲ ಅಳಿಸಬಲ್ಲರು. ಅರ್ಧ ಬರೆದ ಮಹಾಪ್ರಬಂಧ, ಪ್ರಶ್ನೆಪತ್ರಿಕೆ, ಹಸ್ತಪ್ರತಿಗಳ ಛಾಯಾಚಿತ್ರ ಎಲ್ಲವೂ ಇದಕ್ಕೆ ಒಳಪಡುತ್ತವೆ. ದುರುದ್ದೇಶವೇ ಬೇಕೆಂದಿಲ್ಲ, ಕಡತದ ಹೆಸರು ತಪ್ಪಿ ಬರೆದ ಒಂದು ಸಾಲು ಸಾಕು.

ಈ ಕಾರಣದಿಂದಲೇ ಸರ್ವರ್ ಪ್ರಾರಂಭವಾದಾಗ ಟೋಕನ್ ಎಂಬ ಉದ್ದನೆಯ ಗುಪ್ತಸಂಕೇತವೊಂದನ್ನು ಸೃಷ್ಟಿಸಿ ತೋರಿಸುತ್ತದೆ, ಅದಿಲ್ಲದೆ ಪ್ರವೇಶವಿಲ್ಲ. ಪ್ರತಿ ಆರಂಭಕ್ಕೂ ಅದು ಬದಲಾಗುವುದರಿಂದ ಬೇಸತ್ತ ಬಳಕೆದಾರರು ಅದನ್ನು ತೆಗೆದುಹಾಕುವ ಉಪಾಯ ಹುಡುಕುತ್ತಾರೆ. ಹಾಗೆ ಮಾಡಕೂಡದು. ಅದರ ಬದಲು ಸ್ಥಿರವಾದ ಗುಪ್ತಪದವೊಂದನ್ನು ನಿಗದಿಪಡಿಸುವ ಆಜ್ಞೆ ಜುಪಿಟರಿನಲ್ಲಿಯೇ ಇದೆ. ಆದರೂ ಸಾಮಾನ್ಯ ಸ್ಥಿತಿಯಲ್ಲಿ ಗುಪ್ತಪದ ಜಾಲದಲ್ಲಿ ಮರೆಯಿಲ್ಲದೆ ಸಾಗುತ್ತದೆ. ರೂಟರಿನ ವೈಫೈಗೆ ಬಲವಾದ ಗುಪ್ತಪದವಿದ್ದು, ಅದು ತಂಡದವರಿಗಷ್ಟೇ ತಿಳಿದಿದ್ದರೆ ಕ್ಷೇತ್ರದ ಕೊಠಡಿಯ ಮಟ್ಟಿಗೆ ಸಾಕಾದೀತು. ನೂರಾರು ಮಂದಿ ಸೇರಿಕೊಂಡಿರುವ ಆವರಣದ ಜಾಲದಲ್ಲಿ ಸಾಲದು, ಸರ್ವರಿಗೆ ಪ್ರಮಾಣಪತ್ರ ಅಳವಡಿಸಿ ಸಂವಾದವನ್ನು ಗೂಢಲಿಪಿಗೆ ಒಳಪಡಿಸಬೇಕಾಗುತ್ತದೆ. ರೂಟರಿನಲ್ಲಿ ಬಾಗಿಲು ತೆರೆದು ಇಂತಹ ಸರ್ವರನ್ನು ಹೊರಗಿನ ಅಂತರ್ಜಾಲಕ್ಕೆ ಒಡ್ಡುವ ಮಾತಂತೂ ಬೇಡ.

ಸುರಕ್ಷತೆಗಿಂತಲೂ ಸಂಶೋಧನೆಗೆ ಹೆಚ್ಚು ಹತ್ತಿರವಾದ ಇನ್ನೊಂದು ತೊಂದರೆಯಿದೆ. ಒಂದೇ ನೋಟ್‌ಬುಕ್ಕನ್ನು ಇಬ್ಬರು ತಮ್ಮ ತಮ್ಮ ಬ್ರೌಸರುಗಳಲ್ಲಿ ತೆರೆದರೆ ಅವರಿಬ್ಬರ ಹಿಂದೆ ಇರುವ ಕರ್ನಲ್ ಒಂದೇ. ಅದರ ಸ್ಮೃತಿಯೂ ಒಂದೇ. ಒಬ್ಬರು 'ಪಾಠ' ಎಂಬ ಚರಪದಕ್ಕೆ ಕಡಕೋಳ ಮಡಿವಾಳಪ್ಪನವರ ತತ್ವಪದಗಳನ್ನು ತುಂಬಿ ಎಣಿಸುತ್ತಿದ್ದಾರೆ ಎಂದುಕೊಳ್ಳೋಣ. ಅದೇ ಹೊತ್ತಿಗೆ ಇನ್ನೊಬ್ಬರು ತಮ್ಮ ಪರದೆಯಿಂದ ಅದೇ ಹೆಸರಿಗೆ ಅವರ ಶಿಷ್ಯ ಚೆನ್ನೂರ ಜಲಾಲಸಾಹೇಬರ ಪದಗಳನ್ನು ತುಂಬಿದರೆ, ಮೊದಲನೆಯವರ ಮುಂದಿನ ಕೋಶ ಎಣಿಸುವುದು ಶಿಷ್ಯನ ಪದಗಳನ್ನು. ಪರದೆಯ ಮೇಲೆ ಕಾಣುವ ಸೂತ್ರ ಗುರುವಿನ ಪಾಠದ್ದು, ಕೆಳಗೆ ಬಂದ ಅಂಕಿ ಶಿಷ್ಯನದು. ಬಾಯಿಂದ ಬಾಯಿಗೆ ಬಂದ ತತ್ವಪದಗಳಲ್ಲಿ ಕರ್ತೃತ್ವದ ಗೊಂದಲವನ್ನು ಬಿಡಿಸುವುದಕ್ಕೆಂದು ಹಿಡಿದ ಸಾಧನವೇ ಮತ್ತೊಂದು ಗೊಂದಲವನ್ನು ಸೇರಿಸಿದಂತಾಗುತ್ತದೆ. ಕಡತವನ್ನು ಉಳಿಸುವಾಗಲೂ ಹೀಗೆಯೇ: ಮತ್ತೊಬ್ಬರು ಈಗಾಗಲೇ ಬದಲಿಸಿ ಉಳಿಸಿದ್ದಾರೆಂಬ ಎಚ್ಚರಿಕೆ ಬರುತ್ತದಾದರೂ, ಅವಸರದಲ್ಲಿ ಅದನ್ನು ಒಪ್ಪಿಬಿಟ್ಟರೆ ಹಿಂದಿನವರ ಕೆಲಸ ಹೋಯಿತು. ಒಂದೇ ಪುಟದಲ್ಲಿ ಹಲವರು ಏಕಕಾಲಕ್ಕೆ ಬರೆಯಲು ಅನುಕೂಲಿಸುವ ವಿಸ್ತರಣೆಯೊಂದು ಇದೆ; ಬರವಣಿಗೆಯ ಘರ್ಷಣೆ ಅದರಿಂದ ತಪ್ಪುತ್ತದೆ, ಕರ್ನಲ್ ಮಾತ್ರ ಆಗಲೂ ಒಂದೇ ಆಗಿ ಉಳಿಯುತ್ತದೆ.

ಪಠ್ಯ ಒಂದು, ಮೇಜು ಹಲವು

ನಿಘಂಟು ರಚನೆಯ ಕಚೇರಿಗಳಲ್ಲಿ ಪದಚೀಟಿಗಳ ಪೆಟ್ಟಿಗೆ ಎಲ್ಲರಿಗೂ ಸೇರಿದ್ದು, ಮೇಜು ಅವರವರದು. ಚೀಟಿಯನ್ನು ಎಲ್ಲರೂ ತೆಗೆದು ನೋಡಬಹುದು. ಅದರ ಮೇಲೆ ಗೀಚುವ ಅಧಿಕಾರ ಯಾರಿಗೂ ಇಲ್ಲ. ನೋಟ್‌ಬುಕ್ ಹಂಚಿಕೆಯಲ್ಲಿಯೂ ಈ ವಿಭಜನೆಯೇ ಸರಿಯಾದುದೆಂದು ತೋರುತ್ತದೆ. ಇದನ್ನು ಸಾಧಿಸುವ ತಂತ್ರಾಂಶ ಜುಪಿಟರ್‌ಹಬ್. ಹಬ್ ಎಂಬುದು ಒಂದು ದ್ವಾರ. ಬಂದವರ ಹೆಸರು ಮತ್ತು ಗುಪ್ತಪದವನ್ನು ವಿಚಾರಿಸಿ, ಪ್ರತಿಯೊಬ್ಬರಿಗೂ ಅವರದೇ ಹೆಸರಿನಲ್ಲಿ ಬೇರೆ ಸರ್ವರನ್ನು ಎಬ್ಬಿಸಿಕೊಡುತ್ತದೆ. ಕರ್ನಲ್ ಬೇರೆ, ಸ್ಮೃತಿ ಬೇರೆ, ಕಡತಕೋಶ ಬೇರೆ. ಒಬ್ಬರ ತಪ್ಪು ಅವರ ಮೇಜಿನಲ್ಲಿಯೇ ನಿಲ್ಲುತ್ತದೆ.

ಇದರ ಒಂದು ಕಿರಿಯ ರೂಪ 'ದಿ ಲಿಟ್ಲೆಸ್ಟ್ ಜುಪಿಟರ್‌ಹಬ್' ಎಂಬುದು. ಒಂದೇ ಯಂತ್ರದಲ್ಲಿ ನೂರರವರೆಗಿನ ಬಳಕೆದಾರರನ್ನು ಉದ್ದೇಶಿಸಿ ಇದನ್ನು ರಚಿಸಲಾಗಿದೆ. ಕನ್ನಡ ವಿಭಾಗವೊಂದಕ್ಕೆ ಇದು ಧಾರಾಳ. ಉಬುಂಟು ಅಳವಡಿಸಿದ ಗಣಕವೊಂದು ಬೇಕು. ಒಂದೇ ಆಜ್ಞೆಯಿಂದ ಸ್ಥಾಪನೆಯಾಗುತ್ತದೆ, ಬಾಗಿಲಿನ ಸಂಖ್ಯೆಯನ್ನೂ ಬರೆಯಬೇಕಿಲ್ಲ, ವಿಳಾಸವಷ್ಟೇ ಸಾಕು. ಸಾಮಾನ್ಯ ವ್ಯವಸ್ಥೆಯಲ್ಲಿ ನಿರ್ವಾಹಕರು ಬಳಕೆದಾರರ ಹೆಸರುಗಳನ್ನು ಸೇರಿಸುತ್ತಾರೆ. ಆ ಹೆಸರಿನಿಂದ ಮೊದಲು ಪ್ರವೇಶಿಸಿದವರು ಕೊಟ್ಟ ಗುಪ್ತಪದವೇ ಮುಂದೆ ಆ ಹೆಸರಿನ ಗುಪ್ತಪದವಾಗುತ್ತದೆ. ಆದುದರಿಂದ ಹೆಸರು ಸೇರಿಸಿದ ದಿನವೇ ಎಲ್ಲರನ್ನೂ ಕೂರಿಸಿ ಪ್ರವೇಶ ಮಾಡಿಸುವುದು ಲೇಸು. ಸ್ಥಾಪನೆಗೂ, ಹೊಸ ಉಪಕರಣಗಳನ್ನು ಸೇರಿಸುವುದಕ್ಕೂ ಅಂತರ್ಜಾಲ ಬೇಕು. ಕ್ಷೇತ್ರಕ್ಕೆ ಹೊರಡುವ ಮೊದಲೇ ಅದನ್ನು ಮುಗಿಸಿರಬೇಕು. ಆಳಂದದ ಕಡೆ ಹೊರಡುವವರಿಗೆ ಅದೇ ತಾಲ್ಲೂಕಿನ ಕಡಗಂಚಿಯಲ್ಲಿರುವ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯವಾಗಲಿ ಕಲಬುರಗಿಯ ಗುಲಬರ್ಗಾ ವಿಶ್ವವಿದ್ಯಾಲಯವಾಗಲಿ ದೂರವೇನಲ್ಲ. ಹಿರೋಳ್ಳಿ ತಲುಪಿದ ಮೇಲೆ ಬೇಕಾದುದು ಈ ಗಣಕ, ರೂಟರು, ಮತ್ತು ವಿದ್ಯುತ್ ಹೋದಾಗ ರೂಟರನ್ನು ಹಿಡಿದಿಡುವ ಬ್ಯಾಟರಿ.

ಸಾಮಾನ್ಯ ಪಠ್ಯವನ್ನು ಎಲ್ಲರೂ ಓದಬಲ್ಲ, ನಿರ್ವಾಹಕರ ಹೊರತು ಯಾರೂ ತಿದ್ದಲಾರದ ಒಂದು ಕಡತಕೋಶದಲ್ಲಿ ಇಡಬೇಕು. ನುಡಿ ಅಥವಾ ಬರಹದ ಹಳೆಯ ಅಕ್ಷರವಿನ್ಯಾಸದಲ್ಲಿದ್ದ ಸಾಮಗ್ರಿಯನ್ನು ಅಲ್ಲಿಗೆ ಸೇರಿಸುವ ಮುನ್ನವೇ ಯುನಿಕೋಡಿಗೆ ಪರಿವರ್ತಿಸಿ, ಸಾಮಾನ್ಯೀಕರಿಸಿ, ದಿನಾಂಕ ಸಹಿತ ಹೆಸರಿಡಬೇಕು. ತಿದ್ದುಪಡಿ ಬಂದರೆ ಹಳೆಯ ಕಡತವನ್ನು ಉಳಿಸಿಕೊಂಡೇ ಹೊಸ ದಿನಾಂಕದ ಕಡತವನ್ನು ಸೇರಿಸಬೇಕು. ಎರಡು ಮುದ್ರಣಗಳಿರುವ ಗ್ರಂಥವನ್ನು ಉಲ್ಲೇಖಿಸುವಾಗ ಯಾವ ಮುದ್ರಣವೆಂದು ಹೇಳುವಂತೆ ಇಲ್ಲಿಯೂ ಯಾವ ದಿನಾಂಕದ ಪಾಠವೆಂದು ಹೇಳುವುದು ಆಗ ಸಾಧ್ಯವಾಗುತ್ತದೆ. ಗಾತ್ರದ ಬಗೆಗೆ ಆತಂಕ ಬೇಡ. ಕನ್ನಡದ ಪ್ರತಿ ಸಂಕೇತ ಕಡತದಲ್ಲಿ 3 ಬೈಟುಗಳನ್ನು ತೆಗೆದುಕೊಳ್ಳುತ್ತದೆ. ಒಂದು ಲಕ್ಷ ಸಂಕೇತಗಳ ಪಠ್ಯ 3 ಲಕ್ಷ ಬೈಟುಗಳು, ಮೊಬೈಲಿನಲ್ಲಿ ತೆಗೆದ ಒಂದು ಛಾಯಾಚಿತ್ರಕ್ಕಿಂತ ಕಡಿಮೆಯೇ. ಹದಿನೈದು ಸಂಪುಟಗಳ ಸಮಗ್ರ ವಚನ ಸಾಹಿತ್ಯದಷ್ಟು ದೊಡ್ಡ ಸಾಮಗ್ರಿಯೂ ಸಾಧಾರಣ ಗಣಕಕ್ಕೆ ಭಾರವಲ್ಲ.

ಪದ ಒಡೆಯುವ ಸೂತ್ರವನ್ನೂ ಇದೇ ರೀತಿ ಒಮ್ಮೆ ಬರೆದು, ಚರ್ಚಿಸಿ, ಸಾಮಾನ್ಯ ಕೋಶದಲ್ಲಿರಿಸುವುದು ಉಚಿತ. ಅದರ ಜೊತೆಗೆ 'ಹಿರೋಳ್ಳಿ', 'ಕನ್ನಡ', 'ಸ್ತ್ರೀ' ಮುಂತಾದ ಹತ್ತಾರು ಪದಗಳ ಪರೀಕ್ಷೆಯನ್ನು ಇಟ್ಟರೆ ಯಾರಾದರೂ ಸೂತ್ರವನ್ನು ಕೆಡಿಸಿದಾಗ ಒಡನೆ ಗೊತ್ತಾಗುತ್ತದೆ. ನಕ್ಷೆ ಮತ್ತು ರೇಖಾಚಿತ್ರಗಳ ವಿಷಯದಲ್ಲಿ ಒಂದು ಸಣ್ಣ ಸೂಚನೆ: ಕೋಷ್ಟಕದ ಕನ್ನಡವನ್ನು ನೋಡುವವರ ಬ್ರೌಸರ್ ಬರೆಯುತ್ತದೆ, ಚಿತ್ರದೊಳಗಿನ ಕನ್ನಡವನ್ನು ಸರ್ವರ್ ಬರೆಯುತ್ತದೆ. ನೋಡುವವರ ಗಣಕದಲ್ಲಿ ಕನ್ನಡ ಅಕ್ಷರಶೈಲಿ ಇದ್ದರೂ ಸರ್ವರಿನಲ್ಲಿ ಇಲ್ಲದಿದ್ದರೆ ಚಿತ್ರದಲ್ಲಿ ಖಾಲಿ ಚೌಕಗಳೇ ಕಾಣುತ್ತವೆ.

ಪುಟದಲ್ಲಿ ಉಳಿಯುವುದು

ನೋಟ್‌ಬುಕ್ಕಿನ ಕೋಶಗಳನ್ನು ಯಾವ ಕ್ರಮದಲ್ಲಿ ಬೇಕಾದರೂ ನಡೆಸಬಹುದು. ಹತ್ತನೆಯದನ್ನು ಮೊದಲು ನಡೆಸಿ, ಮೂರನೆಯದನ್ನು ತಿದ್ದಿ ಮತ್ತೆ ನಡೆಸಿ, ಐದನೆಯದನ್ನು ಅಳಿಸಿದರೂ ಫಲಿತಗಳು ಹಾಗೆಯೇ ನಿಂತಿರುತ್ತವೆ. ಕೋಶದ ಪಕ್ಕದಲ್ಲಿನ ಕ್ರಮಸಂಖ್ಯೆ ಇದನ್ನು ಬಯಲುಮಾಡುತ್ತದೆ: 1, 2, 3 ಎಂದು ಸಾಗದೆ 14, 3, 27 ಎಂದಿದ್ದರೆ ಆ ಪುಟದ ಅಂಕಿಅಂಶವನ್ನು ನಂಬಲಾಗದು. ಕರ್ನಲನ್ನು ಹೊಸದಾಗಿ ಆರಂಭಿಸಿ ಮೊದಲಿನಿಂದ ಎಲ್ಲವನ್ನೂ ನಡೆಸುವ ಆಯ್ಕೆ ಪಟ್ಟಿಕೆಯಲ್ಲಿಯೇ ಇದೆ. ಮಾರ್ಗದರ್ಶಕರು ಅಧ್ಯಾಯವನ್ನು ಒಪ್ಪುವ ಮೊದಲು ವಿದ್ಯಾರ್ಥಿಯ ನೋಟ್‌ಬುಕ್ಕನ್ನು ತಮ್ಮ ಮೇಜಿಗೆ ನಕಲು ಮಾಡಿಕೊಂಡು ಹೀಗೆ ಒಮ್ಮೆ ನಡೆಸಿ ನೋಡಬಹುದು. ಹಬ್ ಇರುವ ವಿಭಾಗದಲ್ಲಿ ಇದಕ್ಕೆ ತಗಲುವುದು ಕೆಲವು ನಿಮಿಷ. ಅದೇ ಅಂಕಿ ಬಂದರೆ ಸರಿ. ಬಾರದಿದ್ದರೆ ಪಠ್ಯ ಬೇರೆಯೋ ಸೂತ್ರ ಬೇರೆಯೋ ಎಂದು ವಿಚಾರಿಸಲು ಎದುರಿಗೆ ಎರಡೂ ಇರುತ್ತವೆ.

ನೋಟ್‌ಬುಕ್ಕಿನ ಕಡತ ಸೂತ್ರವನ್ನಷ್ಟೇ ಅಲ್ಲದೆ ಫಲಿತವನ್ನೂ ತನ್ನೊಳಗೆ ಉಳಿಸಿಕೊಳ್ಳುತ್ತದೆ. ವಕ್ತೃಗಳ ಪಟ್ಟಿಯನ್ನು ಒಮ್ಮೆ ತೆರೆದು ನೋಡಿ, ಬಳಿಕ ಮೂಲ ಪಟ್ಟಿಯನ್ನು ತೆಗೆದುಹಾಕಿದರೂ, ಆ ಕೋಶದ ಕೆಳಗೆ ಮಾಹಿತಿ ನೀಡಿದವರ ಹೆಸರು, ವಯಸ್ಸು, ಜಾತಿ, ಮನೆಮಾತು ಹಾಗೆಯೇ ನಿಂತಿರುತ್ತದೆ. ಕಡತದ ನಕಲು ಪಡೆದವರೆಲ್ಲರ ಕೈಗೂ ಅದು ಹೋಗುತ್ತದೆ. ಗಡಿಯ ಊರುಗಳಲ್ಲಿ ಮನೆಮಾತು ಯಾವುದೆಂಬ ಪ್ರಶ್ನೆಗೆ ಕೊಟ್ಟ ಉತ್ತರ ನೆರೆಹೊರೆಯಲ್ಲಿ ಬೇರೆಯೇ ಅರ್ಥ ಪಡೆಯಬಹುದಾದುದರಿಂದ ಈ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ಸಾಮಾನ್ಯ ಕೋಶಕ್ಕೆ ಸೇರುವ ಪಟ್ಟಿಯಲ್ಲಿ ವಕ್ತೃಗಳಿಗೆ ಸಂಖ್ಯೆಯಷ್ಟೇ ಇರಬೇಕು. ಯಾವ ಸಂಖ್ಯೆ ಯಾರದೆಂಬುದನ್ನು ಸರ್ವರಿನ ಹೊರಗೆ, ಸಂಗ್ರಾಹಕರ ಕಾಗದದ ಪುಸ್ತಕದಲ್ಲಿ ಬರೆದಿಡಬೇಕು. ಹಂಚುವ ಮುನ್ನ ನೋಟ್‌ಬುಕ್ಕಿನ ಫಲಿತಗಳನ್ನೆಲ್ಲ ಅಳಿಸುವ ಆಯ್ಕೆಯನ್ನು ಬಳಸಿ, ಪಡೆದವರು ತಮ್ಮ ಮೇಜಿನಲ್ಲಿ ಹೊಸದಾಗಿ ನಡೆಸಿಕೊಳ್ಳುವಂತೆ ಮಾಡಬೇಕು.